ಮುಟ್ಟಿಸಿ ಬರುವ ಮಂದಿ

ನಾಲ್ಕು ಮಂದಿ ಗಂಡಸರು ಚಳಿಗಾಲದ ರಾತ್ರಿ ಕೂಡಿ ತಿರುಗಾಡಿದರೆ ಏನಾದರೊಂದು ಆಗುತ್ತದೆ. ನಮಗೆ ದಿನಾ ಆಗುತ್ತಿತ್ತು.

ಇದು ತೊಂಬತ್ತರ ಆಸುಪಾಸಿನ ಮಾತು. ಕುಡಚಿಯಲ್ಲಿ ನನ್ನದು ಸೈಕಲ್ ಅಂಗಡಿ. ಹೆಂಡತಿ ತೀರಿ ಒಂದು ತಿಂಗಳಾಗಿತ್ತು. ಮನೆಯೊಳಗೆ ಮಲಗಲಿಕ್ಕೆ ಆಗುತ್ತಿರಲಿಲ್ಲ. ಬೆಳತನಕ ಕಟ್ಟೆ ಮೇಲೆ ಕೂಡುತ್ತಿದ್ದೆ. ಊರಿನ ಮೂವರು ಗೆಳೆಯರು ಅದನ್ನು ನೋಡಿದರು. ಒಬ್ಬರು ಶಾಲೆ ಮಾಸ್ತರರು, ಒಬ್ಬ ಕಿರಾಣಿ ಸಾವಕಾರ, ಒಬ್ಬ ಟೇಲರ್ ಚಾಚಾ. "ನಡೀರಿ, ದಣಿದ್ರ ನಿದ್ದಿ ಬರ್ತೈತಿ" ಎಂದು ಎಬ್ಬಿಸಿಕೊಂಡು ಹೋದರು. ಊರಿನ ಎರಡು ಗಾರ್ಡನ್, ಆಮೇಲೆ ಕೃಷ್ಣಾ ಹೊಳೆಯ ದಂಡೆ, ತಿರುಗಿ ಮನೆ. ದಣಿಯುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ.

ಗಾರ್ಡನ್ನಿನ ಗೇಟು

ನಾಲ್ವರೂ ಕಂಬಳಿ ಹೊದ್ದಿದ್ದೆವು. ಮಂಕಿ ಟೊಪ್ಪಿಗೆಯಲ್ಲಿ ಕಣ್ಣಷ್ಟೇ ಕಾಣುತ್ತಿದ್ದವು. ಮಾಸ್ತರರ ಹುಕುಮಿನಂತೆ ಸಾಲಾಗಿ ನಡೆಯುತ್ತಿದ್ದೆವು. ಗೇಟಿನ ಒಳಗಿನಿಂದ ವಾಚಮನ್ ಸೀಟಿ ಊದಿದ.

"ಯಾರಲೇ ಅವ್ರು?"

"ನಾನಪಾ, ಮಾಸ್ತರ."

"ಎಲ್ಲಾ ಕಳ್ಳರೂ ಹಂಗ ಹೇಳ್ತಾರ. ತಿರುಗಿ ನಡೀರಿ."

ಮಾಸ್ತರರು ಟೊಪ್ಪಿಗೆ ತೆಗೆಯಲಿಲ್ಲ. ಥಂಡಿ ಇತ್ತು. "ನೀ ಸಾಲ್ಯಾಗ ನಾಲ್ಕನೇ ಇಯತ್ತೆ ನನ್ನ ಕಡೆ ಇದ್ದಿ. ಹೌದಿಲ್ಲೋ?" ಎಂದರು.

"ಇದ್ನಿ. ಆದ್ರ ನೀವು ಅವ್ರ ಅಂತ ಹೆಂಗ ನಂಬೂದು?"

"ಹದಿನೇಳರ ಮಗ್ಗಿ ಹೇಳು."

ವಾಚಮನ್ ಸೀಟಿ ಕಿಸೆಯಲ್ಲಿಟ್ಟು ಗೇಟು ತೆಗೆದ.

ಸಾವಕಾರನ ಸಕ್ಕರೆ ಬೇನೆ

ಸಾವಕಾರನಿಗೆ ಸಕ್ಕರೆ ಬೇನೆ. ದಿನಾ ಎರಡು ಮೈಲು ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಸರಿಯಾಗಿ ಎರಡು ಮೈಲಿಗೆ ಹೊಳೆ ದಂಡೆಯಲ್ಲಿ ಬೆಲ್ಲದ ಗಾಣ ಹೂಡಿದ್ದರು. ಗಾಣಕ್ಕೆ ಬಂದವರನ್ನು ಬರಿಗೈಲಿ ಕಳಿಸುವ ರೂಢಿ ನಮ್ಮ ಕಡೆ ಇಲ್ಲ. ಒಲೆ ಮುಂದೆ ಕೂಡಿಸಿ ಎಲ್ಲರಿಗೂ ಹಾಲು ಕೊಟ್ಟರು, ಅಂದರೆ ಕಬ್ಬಿನ ಹಾಲು. ಆಮೇಲೆ ಬಿಸಿ ಬೆಲ್ಲ.

"ಒಲ್ಲೆ ಅಂದ್ರ ಗಾಣದಾಂವಗ ಬ್ಯಾಸರ ಆಗ್ತೈತಿ" ಎಂದು ಸಾವಕಾರ ದಿನಾ ತಿಂದ.

ತಿಂಗಳ ಮೇಲೆ ತಪಾಸಣೆ ಆಯಿತು. ಸಕ್ಕರೆ ಏರಿತ್ತು. ಡಾಕ್ಟರು ಕೇಳಿದರು, "ದಿನಾ ಎರಡು ಮೈಲು ನಡಿತೀರಿ?"

"ಒಂದು ದಿನಾನೂ ತಪ್ಪಿಸಿಲ್ರಿ."

"ಹಂಗಾರ ಇನ್ನೂ ಎರಡು ಮೈಲು ಹೆಚ್ಚಿಗಿ ನಡೀರಿ."

ಅಷ್ಟು ದೂರಕ್ಕೆ ಇನ್ನೊಂದು ಗಾಣ ಇತ್ತು.

ಮುಟ್ಟಿಸುವುದು

ಒಂದು ರಾತ್ರಿ ನನ್ನನ್ನು ಮನೆಗೆ ಮುಟ್ಟಿಸಿದರು. ಬಾಗಿಲಿಗೆ ಕೀಲಿ ಹಾಗೇ ಇತ್ತು. ಒಳಗೆ ಹೋಗಲಿಕ್ಕೆ ಮನಸ್ಸಾಗಲಿಲ್ಲ. "ಚಾಚಾನ ಮನಿ ದೂರ ಐತಿ. ಮುಟ್ಟಿಸಿ ಬರೂಣು" ಎಂದೆ.

ನಾಲ್ವರೂ ಚಾಚಾನ ಮನೆಗೆ ಹೋದೆವು. ಚಾಚಾ ಅಂದ, "ಇಷ್ಟು ದೂರ ಬಂದೀರಿ. ನಿಮ್ಮನ್ನ ಹಂಗ ಕಳಸೂದು ಛಲೋ ಕಾಣೂದಿಲ್ಲ." ಮತ್ತೆ ನನ್ನ ಮನೆಗೆ ಬಂದೆವು. ನಾನು ಮತ್ತೆ ಚಾಚಾನ ಮನೆ ಎಂದೆ. ಮೂವರೂ ತಿರುಗಿ ಹೊರಟರು. ಹೀಗೆ ಮೂರು ಸಲ ಆಯಿತು.

ನಾಲ್ಕನೆಯ ಸಲ ಸಾವಕಾರ ನನ್ನ ಕಟ್ಟೆ ಮೇಲೆ ಕೂತ. "ಇನ್ನ ನನ್ನ ಕಾಲು ಏಳೂದಿಲ್ಲ. ಕೀಲಿ ತಗೀರಿ" ಅಂದ.

ತೆಗೆದೆ. ಎರಡು ತಿಂಗಳ ಹಿಂದಿನ ಹಾಸಿಗೆ ಮಡಚಿದಂತೆಯೇ ಇತ್ತು. ಮಾಸ್ತರರೇ ಕೊಡವಿ ಹಾಸಿದರು. ಮೂವರೂ ಅಡ್ಡಾದರು. ನಡುವೆ ಒಂದು ಗೇಣು ಜಾಗ ಉಳಿದಿತ್ತು. ನಾನು ಅದರಲ್ಲಿ ತೂರಿದೆ. ಎರಡೂ ಕಡೆ ಗೊರಕೆ ಶುರುವಾಯಿತು. ಗಿರಣಿ ಹಚ್ಚಿದಂತಿತ್ತು. ನನಗೆ ಯಾವಾಗ ನಿದ್ದೆ ಹತ್ತಿತೋ ಗೊತ್ತಿಲ್ಲ.

ಎದ್ದಾಗ ಬಿಸಿಲು ಬಿದ್ದಿತ್ತು. ಮೂವರ ಹೆಂಡರೂ ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ.

ಮಾಸ್ತರರ ಹೆಂಡತಿ ಮೆಲ್ಲಗೆ ಕೇಳಿದರು, "ಅಣ್ಣಾರ, ನಿದ್ದಿ ಬಂತೇನ್ರಿ?"

"ಬಂತ್ರಿ ವೈನಿ. ಎರಡು ತಿಂಗಳ ಮ್ಯಾಲ."

"ನಮಗೂ ಬಂತ್ರಿ" ಎಂದರು. "ಇಪ್ಪತ್ತು ವರ್ಷದ ಮ್ಯಾಲ. ಇವ್ರನ್ನ ಇವತ್ತೂ ಇಲ್ಲೇ ಇಟ್ಕೋರಿ."