ಬಲಗಾಲು ಖಾಯಂ ಆದದ್ದು

ನಂಜನಗೂಡು ತಾಲ್ಲೂಕು ಬಿಳಿಗೆರೆ ವಾಸಿ ಅಮೃತೇಶ್ ಬಿನ್ ಬಸವಯ್ಯ ಎಂಬುವರ ಬಲಗಾಲು, ಮಂಡಿಯಿಂದ ಕೆಳಗೆ, ಪಾದ ಮತ್ತು ಬೆರಳುಗಳನ್ನೊಳಗೊಂಡಂತೆ, ಸರ್ಕಾರದ ಸ್ವತ್ತು. ಮಂಡಿಯಿಂದ ಮೇಲಿನ ಭಾಗ ಹಾಗೂ ಎಡಗಾಲು ಪೂರ್ತಿ ಖಾಸಗಿ. ಈ ಬಗ್ಗೆ ಈಗ ಯಾರಿಂದಲೂ ಯಾವ ತಕರಾರೂ ಬಾಕಿ ಇಲ್ಲ.

ಇದಕ್ಕೆಲ್ಲ ಮೂಲ ಒಂದು ಹೆಣ್ಣು ನೋಡುವ ಶಾಸ್ತ್ರ. ಅಮೃತೇಶನಿಗೆ ಮೂವತ್ನಾಲ್ಕು ದಾಟಿತ್ತು. ನಾಲೆ ನೀರಿನ ಗದ್ದೆ ಇತ್ತು, ಹಸು ಇದ್ದವು, ಡಿಗ್ರಿ ಇತ್ತು. ಸರ್ಕಾರಿ ನೌಕರಿ ಇರಲಿಲ್ಲ. ಹೀಗಾಗಿ ಹೋದ ಊರಲ್ಲೆಲ್ಲ ಉಪ್ಪಿಟ್ಟು ಕೇಸರಿಬಾತು ತಿಂದು ಬರಿಗೈಲಿ ವಾಪಸಾಗುವುದೇ ಅವನಿಗೆ ಒಂದು ಉದ್ಯೋಗವಾಗಿತ್ತು. ಕವಲಂದೆಯ ಗುರುಮಲ್ಲಪ್ಪನವರ ಮಗಳು ಅರ್ಪಿತ ಮಾತ್ರ ಕಾಫಿ ಕೊಡುವಾಗ ತಲೆ ತಗ್ಗಿಸದೆ ಅವನ ಮುಖ ನೋಡಿ ನಕ್ಕಿದ್ದಳು. ಆ ನಗು ಹುಡುಗನ ನಿದ್ದೆ ಕೆಡಿಸಿತು. ಗುರುಮಲ್ಲಪ್ಪನವರು ಎಲೆಗೆ ಸುಣ್ಣ ಸವರುತ್ತ ಹೇಳಿದರು:

“ಉಡುಗ ಚೆನ್ನಾಗವ್ನೆ. ಆದ್ರೆ ಖಾಯಂ ಕೆಲ್ಸ ಇರೋರ್ಗೇ ಕೊಡೋದು ಅಂತ ತೀರ್ಮಾನ ಮಾಡಿವ್ನಿ. ಒಂದ್ವರ್ಸ ಕಾಯ್ತೀನಿ ಕಣಪ್ಪ.”

ಅದೇ ತಿಂಗಳು ನಂಜನಗೂಡಿನಲ್ಲಿ ಕೀಟಜನ್ಯ ರೋಗ ಸಂಶೋಧನಾ ಉಪಕೇಂದ್ರ ಬಾಗಿಲು ತೆರೆಯಿತು. ಸೊಳ್ಳೆ, ಉಣ್ಣೆ, ಚಿಗಟ ಮುಂತಾದವು ಮನುಷ್ಯರಿಗೆ ಅಂಟಿಸುವ ಕಾಯಿಲೆಗಳನ್ನು ಪತ್ತೆ ಹಚ್ಚುವುದು ಅದರ ಘನ ಉದ್ದೇಶ. ಉಣ್ಣೆ ವಿಭಾಗಕ್ಕೂ ಚಿಗಟ ವಿಭಾಗಕ್ಕೂ ಬೋರ್ಡು ಬಂದಿತ್ತು, ಜನ ಬಂದಿರಲಿಲ್ಲ. ಸೊಳ್ಳೆ ವಿಭಾಗಕ್ಕೆ ಮಾತ್ರ ಡಾಕ್ಟರ್ ನಾಗೇಂದ್ರ ಎಂಬ ವಿಜ್ಞಾನಿ ಬಂದಿದ್ದರು. ಅವರ ಕೆಲಸದ ಕ್ರಮ ಸರಳ. ಮುಸ್ಸಂಜೆ ಗದ್ದೆ ಬದುವಿನ ಮೇಲೆ ಒಬ್ಬ ಪ್ಯಾಂಟು ಮಡಿಚಿ ಕಾಲು ಚಾಚಿ ಕೂರಬೇಕು. ಸೊಳ್ಳೆ ಬಂದು ಕೂತ ಕೂಡಲೇ ಅದನ್ನು ಗಾಜಿನ ನಳಿಕೆಯಲ್ಲಿ ಹೀರಿ ಹಿಡಿಯಬೇಕು. ಹಿಡಿದ ಸೊಳ್ಳೆಯ ಹೊಟ್ಟೆಯಲ್ಲಿ ಜ್ವರದ ವೈರಸ್ ಇದೆಯೇ ಎಂದು ಆಮೇಲೆ ನೋಡುವುದು.

ಕಾಲು ಚಾಚಲು ಒಬ್ಬ ಮನುಷ್ಯ ಬೇಕೆಂದು ನಾಗೇಂದ್ರ ಕೇಳಿದಾಗ ಸೂಪರಿಂಟೆಂಡೆಂಟ್ ಶಿವಸ್ವಾಮಿಯವರು ಫೈಲು ತಿರುವಿ, ಮನುಷ್ಯರನ್ನು ತೆಗೆದುಕೊಳ್ಳಲು ಹುದ್ದೆ ಮಂಜೂರಾಗಿಲ್ಲ, ಉಪಕರಣ ಕೊಳ್ಳಲು ಮಾತ್ರ ಅನುದಾನ ಇದೆ ಎಂದರು. ಆದರೆ ಸಂಶೋಧನೆ ನಿಲ್ಲಬಾರದು ಎಂಬ ಕಳಕಳಿ ಅವರಿಗೂ ಇತ್ತು. ಹಾಗಾದರೆ ಕಾಲನ್ನಷ್ಟೇ ಕೊಳ್ಳೋಣ ಎಂದು ಅವರೇ ದಾರಿ ತೋರಿಸಿದರು.

ಉಪಕರಣವೆಂದ ಮೇಲೆ ಮೂರು ಕೊಟೇಶನ್ ಬೇಕು. ಸುದ್ದಿ ತಿಳಿದು ಓಡಿ ಬಂದಿದ್ದ ಅಮೃತೇಶ್ ತನ್ನ ಕಾಲಿನ ಜೊತೆಗೆ ಅಪ್ಪ ಬಸವಯ್ಯನ ಕಾಲನ್ನೂ ಪಕ್ಕದ ಮನೆ ನಿಂಗರಾಜುವಿನ ಕಾಲನ್ನೂ ಕರೆತಂದ. ಬಸವಯ್ಯನದು ನರ ಉಬ್ಬಿದ್ದರಿಂದ ತಿರಸ್ಕೃತವಾಯಿತು. ನಿಂಗರಾಜುವಿನ ಕಾಲಿಗೆ ಬಂದ ಸೊಳ್ಳೆ ಬೀಡಿ ವಾಸನೆಗೆ ಎದ್ದು ಹೋಯಿತು. ಅಮೃತೇಶನ ಬಲಗಾಲಿಗೆ ಮಾತ್ರ ಸೊಳ್ಳೆಗಳು ಮುತ್ತಿಕೊಂಡಿದ್ದರಿಂದ ಅದು ತಾಂತ್ರಿಕವಾಗಿ ಅರ್ಹವೆಂದು ಸಮಿತಿ ಷರಾ ಬರೆಯಿತು. ಎಡಗಾಲನ್ನೂ ತೆಗೆದುಕೊಳ್ಳಿ ಎಂದು ಅವನು ಅಂಗಲಾಚಿದ. ಒಂದಕ್ಕೇ ಅನುಮೋದನೆ ಇರುವುದೆಂದು ತಿಳಿಸಲಾಯಿತು.

ಮಂಡಿಯ ಕೆಳಗೆ ಕೆಂಪು ಪೇಂಟಿನಲ್ಲಿ ಸ್ಟಾಕ್ ನಂಬರ್ ಬರೆದರು. ಅವನ ತಾಯಿ ಮಲ್ಲಾಜಮ್ಮ ಮೊದಲು ಇದೇನು ದನಕ್ಕೆ ಬರೆ ಹಾಕಿದ ಹಾಗೆ ಎಂದು ಗೊಣಗಿದರೂ, ಸರ್ಕಾರದ ಪೇಂಟೆಂದು ಗೊತ್ತಾದ ಮೇಲೆ ಅದರ ಪಕ್ಕದಲ್ಲಿ ವಿಭೂತಿ ಹಚ್ಚಿದರು. ಸಂಜೆ ಕೆಲಸ ಮುಗಿದ ಮೇಲೆ ಮನೆಗೆ ಹೋಗಲು ಗೇಟ್ ಪಾಸ್ ಬೇಕಾಯಿತು: ‘ಬಲಗಾಲು, ಸುಸ್ಥಿತಿಯಲ್ಲಿದೆ, ನಾಳೆ ಹಿಂತಿರುಗಿಸತಕ್ಕದ್ದು.’ ಸಾಗಿಸುವವರು ಎಂಬ ಜಾಗದಲ್ಲಿ ಅಮೃತೇಶ್ ಸಹಿ ಮಾಡುತ್ತಿದ್ದ. ಟಿ. ನರಸೀಪುರದ ಶಾಖೆಯವರು ಆ ಕಾಲನ್ನು ವಾರದ ಮಟ್ಟಿಗೆ ಎರವಲು ಕೇಳಿದಾಗ ಜೀಪಿನಲ್ಲಿ ಕಾಲಿಗೆ ಸೀಟು ಮಂಜೂರಾಯಿತು. ಅಮೃತೇಶನ ಮಿಕ್ಕ ಭಾಗವನ್ನು ಬಿಟ್ಟು ಹೋಗುವುದು ಕಷ್ಟವಾದ್ದರಿಂದ ಅದನ್ನು ಪ್ಯಾಕಿಂಗ್ ಸಾಮಗ್ರಿ ಎಂದು ನಮೂದಿಸಿದರು. ಅವನಿಗೆ ಬೇಜಾರಾಗಲಿಲ್ಲವೇ ಎಂದರೆ, ಆಯಿತು. ಆದರೆ ಜೀಪು ಕವಲಂದೆ ಕಡೆಗೂ ಒಂದು ಸುತ್ತು ಹೋಗಿ ಬರಬಾರದೇ, ಗುರುಮಲ್ಲಪ್ಪನವರ ಕಣ್ಣಿಗೆ ಬೀಳಬಾರದೇ ಎಂಬ ಆಸೆಯ ಮುಂದೆ ಆ ಬೇಜಾರು ದೊಡ್ಡದಲ್ಲ.

ವರ್ಷ ಮುಗಿಯುತ್ತ ಬಂತು. ಹಿಡಿದ ಯಾವ ಸೊಳ್ಳೆಯಲ್ಲೂ ವೈರಸ್ ಸಿಗಲಿಲ್ಲ. ಜನ ಆರೋಗ್ಯವಾಗಿರುವ ಕಾರಣ ಉಪಕೇಂದ್ರವನ್ನು ಮಾರ್ಚ್ ಕೊನೆಗೆ ಮುಚ್ಚತಕ್ಕದ್ದೆಂದು ಮೇಲಿನಿಂದ ಆದೇಶ ಬಂತು. ಆರೋಗ್ಯದ ಈ ಸುದ್ದಿ ಕೇಳಿ ಕಚೇರಿಯಲ್ಲಿ ಎಲ್ಲರ ಮುಖ ಸಪ್ಪಗಾಯಿತು. ಅಮೃತೇಶನಿಗಂತೂ ಅನ್ನ ಸೇರಲಿಲ್ಲ. ಅರ್ಪಿತಳನ್ನು ಬೇರೊಬ್ಬ ಗಂಡು ಬಂದು ನೋಡಿಕೊಂಡು ಹೋದನೆಂದು ಯಾರೋ ಹೇಳಿದ್ದರು.

ಆ ವಾರವೇ ಅವನಿಗೆ ಜ್ವರ ಬಂದು ಆಸ್ಪತ್ರೆ ಸೇರಿದ. ರಜೆ ಅರ್ಜಿ ತಲುಪಿದ್ದರಿಂದ ಶಿವಸ್ವಾಮಿಯವರು ಖುದ್ದು ಪರಿಶೀಲನೆಗೆ ಬಂದರು.

“ಜ್ವರ ಎಲ್ಲಿದೆ?”

“ಮೈಯೆಲ್ಲಾ ಅದೆ ಸಾ. ತಲೆ ಸಿಡೀತಾ ಅದೆ.”

“ತಲೆ ಇಲಾಖೆದಲ್ಲ ಕಣಪ್ಪ. ಕಾಲು ಹೇಗಿದೆ?”

“ಕಾಲು ಚೆನ್ನಾಗದೆ ಸಾ.”

“ಚೆನ್ನಾಗಿರೋ ಕಾಲಿಗೆ ರಜೆ ಹೆಂಗೆ ಕೊಡ್ಲಿ?”

ವಾದ ನ್ಯಾಯವಾಗಿತ್ತು. ಮಂಚವನ್ನು ಕಿಟಕಿ ಪಕ್ಕಕ್ಕೆ ಎಳೆದು, ಸಂಜೆ ಹೊತ್ತು ಕಾಲನ್ನು ಹೊರಗೆ ಚಾಚಿಸುವ ಏರ್ಪಾಡಾಯಿತು. ಅಮೃತೇಶನಿಗೆ ಸಾಯುತ್ತೇನೇನೋ ಎಂದು ಭಯವಾಯಿತು, ತಾಯಿಯ ಸೆರಗು ಹಿಡಿದುಕೊಂಡು ಅತ್ತ. ಮಲ್ಲಾಜಮ್ಮನಿಗೆ ತಡೆಯಲಾಗಲಿಲ್ಲ.

“ನನ್ ಮಗ್ನ ಜೀವ್ವೇ ಓದ್ರೆ ಆ ಕಾಲ್ನ ಇಟ್ಕೊಂಡು ಏನ್ ಮಾಡ್ಕತೀರಾ ಸಾ?”

ಪ್ರಶ್ನೆ ಸಮಂಜಸವಾಗಿದೆ, ಸ್ಪಷ್ಟೀಕರಣ ಕೋರಿ ಬರೆಯುತ್ತೇನೆ ಎಂದರು ಶಿವಸ್ವಾಮಿ. ನಿಜಕ್ಕೂ ಬರೆದರು. ನಿರುಪಯುಕ್ತ ಸಾಮಗ್ರಿಯನ್ನು ಬಹಿರಂಗ ಹರಾಜಿನಲ್ಲಿ ವಿಲೇವಾರಿ ಮಾಡತಕ್ಕದ್ದೆಂದು ಉತ್ತರವೂ ಬಂತು.

ಅಷ್ಟರಲ್ಲಿ ರಕ್ತದ ವರದಿ ಬಂದಿತ್ತು. ಉಪಕೇಂದ್ರ ವರ್ಷವಿಡೀ ಹುಡುಕಿದ ವೈರಸ್ ಅಮೃತೇಶನ ಒಳಗೇ ಸಿಕ್ಕಿತ್ತು. ಇಡೀ ತಾಲ್ಲೂಕಿನಲ್ಲಿ ಆ ಜ್ವರ ಬಂದದ್ದು ಅವನೊಬ್ಬನಿಗೇ; ಬಂದದ್ದು ನಳಿಕೆಗೆ ಸಿಗದೆ ಕಚ್ಚಿ ಹೋದ ಯಾವುದೋ ಸೊಳ್ಳೆಯಿಂದ, ಅಂದರೆ ಉಪಕೇಂದ್ರದ ಕೆಲಸದಿಂದಲೇ. ನಾಗೇಂದ್ರ ವರದಿ ಹಿಡಿದು ಮಂಚದ ಹತ್ತಿರ ಬಂದರು. ಅವರು ಒಳ್ಳೆಯ ಮನುಷ್ಯರು, ನಾಚಿಕೆಯಾಗಿತ್ತು. ಆಮೇಲೆ ಸಾವರಿಸಿಕೊಂಡು ಕಾಲಿನ ಫೋಟೋ ತೆಗೆದುಕೊಂಡರು. ಕಚೇರಿಯಲ್ಲಿ ಮೈಸೂರುಪಾಕು ಹಂಚಿದರು. ರೋಗ ಸಿಕ್ಕಿದ್ದರಿಂದ ಮುಚ್ಚುವ ಆದೇಶ ರದ್ದಾಗಿ ಉಪಕೇಂದ್ರ ಖಾಯಂ ಆಯಿತು. ಅದರ ಸ್ವತ್ತುಗಳೂ ಸಹಜವಾಗಿ ಖಾಯಂ ಆದವು.

ಅಮೃತೇಶ್ ಎದ್ದು ಓಡಾಡುವಂತಾದ ದಿನವೇ ಆದೇಶದ ಪ್ರತಿ ಹಿಡಿದು ಕವಲಂದೆಗೆ ಹೋದ. ಗುರುಮಲ್ಲಪ್ಪನವರು ಕನ್ನಡಕ ಹಾಕಿಕೊಂಡು ಓದಿ, ಮತ್ತೊಮ್ಮೆ ಓದಿದರು.

“ಇದ್ರಲ್ಲಿ ಕಾಲಿನ್ ಇಚಾರ ಅದೆ. ನೀನು?”

“ನಾನು ಹೊರಗುತ್ತಿಗೆ. ಕಾಲು ಖಾಯಂ.”

ಬಾಗಿಲ ಮರೆಯಲ್ಲಿ ಅರ್ಪಿತ ಕೇಳಿಸಿಕೊಳ್ಳುತ್ತ ನಿಂತಿದ್ದಳು. ಗುರುಮಲ್ಲಪ್ಪನವರು ಜಗುಲಿಗೆ ಹೋಗಿ ಎಲೆ ಉಗುಳಿ ಬಂದರು. ಬಂಧುಬಳಗದಲ್ಲಿ ಅಷ್ಟು ಮಾತ್ರವೂ ಖಾಯಂ ಆದ ಅಳಿಯಂದಿರು ಎಷ್ಟು ಜನ ಇದ್ದಾರೆಂದು ಲೆಕ್ಕ ಹಾಕಿರಬೇಕು.

“ಬಲಗಾಲು ತಾನೆ? ಮನೆ ಒಳೀಕ್ಕೆ ಮೊದ್ಲು ಇಡೋದೇ ಅದ್ನ. ಆಯ್ತು ಬುಡು.”

ಮದುವೆ ನಂಜನಗೂಡಿನ ಛತ್ರದಲ್ಲಿ ವಿಜೃಂಭಣೆಯಿಂದ ನಡೆಯಿತು. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಕೆಳಗೆ ‘ಬಲಗಾಲು, ಸರ್ಕಾರಿ ಸೇವೆ’ ಎಂದು ಅಚ್ಚಾಗಿತ್ತು. ಬಂದ ನೆಂಟರು ಹಸೆಮಣೆಯ ಹತ್ತಿರ ಬಗ್ಗಿ ಆ ಕಾಲನ್ನು ನೋಡಿ, ಹುಡುಗಿ ಪುಣ್ಯ ಮಾಡಿದ್ದಳು ಎಂದುಕೊಂಡು ಊಟದ ಪಂಕ್ತಿಗೆ ಹೋದರು. ಶಿವಸ್ವಾಮಿಯವರು ಉಡುಗೊರೆಯೆಂದು ಸೇವಾ ನಿಯಮಗಳ ಪುಸ್ತಕ ಕೊಟ್ಟರು. ಖಾಯಂ ಆದ ಕಾಲು ಹಗಲೂ ರಾತ್ರಿ ಕರ್ತವ್ಯದಲ್ಲಿರುತ್ತದೆ, ಅದರ ಮೇಲೆ ಕುಳಿತ ಸೊಳ್ಳೆಯನ್ನು ಓಡಿಸುವುದು ಅಥವಾ ಹೊಡೆಯುವುದು ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದಂತೆ ಎಂದು ಅದರಲ್ಲಿತ್ತು.

ಮದುವೆಯಾದ ವಾರಕ್ಕೆ ಬಿಳಿಗೆರೆಯ ಮನೆಯಲ್ಲಿ ಗಂಡ ಹೆಂಡತಿ ಸಂಜೆ ಜಗುಲಿಯ ಮೇಲೆ ಕೂತಿದ್ದರು. ಗದ್ದೆ ಕಡೆಯಿಂದ ಬಂದ ಒಂದು ಸೊಳ್ಳೆ ಅವನ ಬಲಗಾಲ ಮೇಲೆ ಕೂತಿತು. ಅರ್ಪಿತ ಕೈ ಎತ್ತಿದಳು. ಅಮೃತೇಶ್ ಅವಳ ಮುಖ ನೋಡಿದ. ಇನ್ನೊಂದು ಜ್ವರ ಬಂದರೆ ಗತಿಯೇನೆಂಬ ಹೆದರಿಕೆ ಇಬ್ಬರಿಗೂ ಇತ್ತು. ಎತ್ತಿದ ಕೈ ಹಾಗೇ ನಿಂತಿತು. ಅಷ್ಟರಲ್ಲಿ ಇನ್ನೊಂದು ಸೊಳ್ಳೆ ಎಡಗಾಲ ಮೇಲೆ ಕೂತಿತು; ಅದನ್ನು ಅವಳು ಪಟ್ಟನೆ ಹೊಡೆದು ಸಾಯಿಸಿ, ಆ ಕಾಲನ್ನು ತನ್ನ ಸೆರಗಿನಿಂದ ಮುಚ್ಚಿದಳು. ಬಲಗಾಲಿನದು ಹೊಟ್ಟೆ ತುಂಬಿಸಿಕೊಂಡು ಎದ್ದು ಹೋಗುವವರೆಗೆ ಇಬ್ಬರೂ ಅಲುಗಾಡದೆ ಕಾದರು.