ಏಣಿಗೋ ಬುಲ್ಡೋಜರಿಗೋ

ಗಾಜಣ್ಣನ ದಿನ ಕೆಟ್ಟದ್ದು ಹೆಂಡತಿ ಹೇಳಿದ ಒಂದೇ ಒಂದು ಮಾತಿನಿಂದ. "ಇವತ್ತೊಂದು ದಿನ ಬಾಯಿ ಬಿಡ್ರೀ" ಅಂದಳು ಅವಳು.

ಬಾಯಿ ಬಿಡದೇ ಇರುವುದು ಗಾಜಣ್ಣನ ಹುಟ್ಟುಗುಣ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಕತ್ತರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಅದಕ್ಕೇ ಆ ಹೆಸರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವವನೂ ಅವನೇ, ರಾತ್ರಿ ಹಾಕುವವನೂ ಅವನೇ. ಅವನ ಕೈಯಿಂದ ಹೋದ ಕನ್ನಡಕ ಒಂದೂ ವಾಪಸು ಬಂದದ್ದಿಲ್ಲ. ಇಂಥ ಕೆಲಸಗಾರರ ಮೇಲೆ ಯಜಮಾನರಿಗೆ ಭಾರಿ ಗೌರವ ಇರುತ್ತದೆ. ಎಷ್ಟು ಗೌರವ ಅಂದರೆ, ಇಂಥವನೊಬ್ಬ ಅಂಗಡಿಯಲ್ಲಿದ್ದಾನೆ ಅನ್ನುವುದೇ ಅವರಿಗೆ ನೆನಪಿರುವುದಿಲ್ಲ.

ಆ ಯಜಮಾನರು ಈಗ ಇನ್ನೊಂದು ಅಂಗಡಿ ತೆರೆಯುತ್ತಿದ್ದರು. ಅದೂ ಎಲ್ಲಿ, ಗಾಜಣ್ಣನ ಬೀದಿಯ ತಿರುವಿನಲ್ಲೇ. ಅಡುಗೆಮನೆ ಕಿಟಕಿಯಿಂದ ಕತ್ತು ಚಾಚಿದರೆ ಅದರ ಹೊಸ ಬೋರ್ಡು ಕಾಣುತ್ತಿತ್ತು. ಹಳೇ ಅಂಗಡಿಗೆ ಹೋಗಲು ಎರಡು ಬಸ್ಸು ಬದಲಾಯಿಸಬೇಕು, ಎರಡರಲ್ಲೂ ನಿಂತೇ ಹೋಗಬೇಕು. ಹೊಸದಕ್ಕಾದರೆ ಚಪ್ಪಲಿ ಮೆಟ್ಟಿಕೊಂಡರೆ ಸಾಕು, ಅಂಗಡಿ ಬಂದಾಯಿತು. ಅಲ್ಲಿನ ಮೇಲ್ವಿಚಾರಕ ಯಾರು ಅಂತ ಯಜಮಾನರು ಇವತ್ತು ಸಂಜೆ ಹೇಳುವವರಿದ್ದರು. ಗಾಜಣ್ಣನಿಗೆ ಆ ಕೆಲಸ ಬೇಕಿತ್ತು. ಮನೆಗೆ ಬಂದು ಬಿಸಿ ಊಟ ಮಾಡುವುದು, ಸಂಜೆ ಬೆಳಕಿರುವಾಗಲೇ ಹೆಂಡತಿಯ ಮುಖ ನೋಡುವುದು, ಇವೆಲ್ಲ ಅವನ ಕನಸಿನಲ್ಲಿ ಸೇರಿಹೋಗಿದ್ದವು.

"ನಿಮ್ಮ ಯಜಮಾನ್ರಿಗೆ ಬ್ಯಾಸ್ಕೆಟ್‌ಬಾಲ್ ಅಂದ್ರೆ ಪ್ರಾಣ. ಅದರ ಬಗ್ಗೆ ಒಂದು ದಿನವಾದ್ರೂ ಅವರ ಹತ್ರ ಮಾತಾಡಿದ್ದೀರಾ?" ಅಂದಳು ಹೆಂಡತಿ.

"ನನಗೆ ಆ ಆಟದ ತಲೆಬುಡ ಗೊತ್ತಿಲ್ಲ."

"ಮಾತಾಡೋರಿಗೆಲ್ಲ ಗೊತ್ತಿರುತ್ತೆ ಅಂದ್ಕೊಂಡಿದ್ದೀರಾ? ನನ್ನ ತಮ್ಮನ್ನೇ ನೋಡಿ."

ತಮ್ಮ ಅಲ್ಲೇ ಕೂತು ಟೀ ಕುಡಿಯುತ್ತಿದ್ದ. ಅಕ್ಕ ತನ್ನನ್ನು ಹೊಗಳಿದಳು ಅಂದುಕೊಂಡು ಹಿಗ್ಗಿದ. "ಭಾವ, ಇವತ್ತು ಒಳ್ಳೇ ದಿನ ನೋಡಿ. ದೊಡ್ಡ ಲೀಗ್‌ನವರು ಈ ವರ್ಷ ಅತಿ ಹೆಚ್ಚು ಸುಧಾರಿಸಿದ ಆಟಗಾರ ಯಾರು ಅಂತ ಸಂಜೆ ಪ್ರಶಸ್ತಿ ಕೊಡ್ತಾರೆ. ಕಣದಲ್ಲಿ ಇಬ್ಬರು. ಒಬ್ಬನಿಗೆ ಬುಲ್ಡೋಜರ್ ಅಂತ ಅಡ್ಡಹೆಸರು. ಹೋದ ವರ್ಷವೇ ಚೆನ್ನಾಗಿ ಆಡ್ತಿದ್ದ, ಈ ವರ್ಷ ಅವನನ್ನ ಹಿಡಿಯೋರೇ ಇಲ್ಲ. ಇನ್ನೊಬ್ಬ ಏಣಿ. ಹೋದ ವರ್ಷ ಅವನು ಚೆಂಡು ಎಸೆದ್ರೆ ನೋಡೋಕೆ ಬಂದವರು ತಲೆ ಮುಚ್ಕೋತಿದ್ರು. ಈ ವರ್ಷ ಚೆಂಡು ಬುಟ್ಟಿಗೆ ಬೀಳ್ತಿದೆ."

"ನಮ್ಮ ಯಜಮಾನ್ರು ಯಾರ ಕಡೆ?"

"ಆಟ ಗೊತ್ತಿರೋರೆಲ್ಲ ಏಣಿ ಕಡೆ. ನಿಮ್ಮ ಯಜಮಾನ್ರಿಗೆ ಆಟ ಗೊತ್ತಿದೆ. ಅಂದಮೇಲೆ ಅವರೂ ಏಣಿ ಕಡೆ."

ಭಾಮೈದ ಎರಡು ಸಲ ತರ್ಕಶಾಸ್ತ್ರದಲ್ಲಿ ಫೇಲಾಗಿದ್ದ ವಿಷಯ ಗಾಜಣ್ಣನಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಎರಡೂ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು "ಏಣಿಗೇ ಕೊಡಬೇಕು" ಅಂತ ತುಟಿಯೊಳಗೇ ಪಾಠ ಮಾಡಿಕೊಂಡ. ಪಕ್ಕದಲ್ಲಿದ್ದ ಹೆಂಗಸು ಚೂರು ದೂರ ಸರಿದು ನಿಂತಳು.

ಅಂಗಡಿಯಲ್ಲಿ ಕನ್ನಡಿಗಳ ಮೇಲೆ ಒಂದು ಟೀವಿ ಇತ್ತು. ಕಣ್ಣು ಸರಿಯಿಲ್ಲ ಅಂತ ಬಂದವರಿಗೂ ಯಜಮಾನರು ಅದನ್ನೇ ತೋರಿಸಿ "ಆ ಎಸೆತ ನೋಡಿದ್ರಾ?" ಅನ್ನುತ್ತಿದ್ದರು. ಅವತ್ತು ಅವರಿಗೂ ಕಣ್ಣು ಪರೀಕ್ಷೆ ಮಾಡುವ ಡಾಕ್ಟರಮ್ಮನಿಗೂ ಬೆಳಿಗ್ಗೆಯಿಂದಲೇ ಆ ಪ್ರಶಸ್ತಿಯ ಮೇಲೆ ಜಟಾಪಟಿ ನಡೆದಿತ್ತು. ಗಾಜಣ್ಣ ಹಿಂದಿನ ಕೋಣೆಯಿಂದ ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು, "ನನ್ನ ಕೇಳಿದ್ರೆ ಏಣಿಗೇ ಕೊಡಬೇಕು" ಅಂದುಬಿಟ್ಟ.

ಗೋಡೆಗೆ ಮಾತು ಬಂದಿದ್ದರೂ ಯಜಮಾನರು ಅಷ್ಟು ಬೆರಗಾಗುತ್ತಿರಲಿಲ್ಲ.

"ಏಣಿಗಾ? ಹಾಗಾದ್ರೆ ಬುಲ್ಡೋಜರ್ ಏನು ಮಣ್ಣು ಹೊರಬೇಕಾ?"

"ನೋಡಿದ್ರಾ, ಗಾಜಣ್ಣನಿಗೂ ಗೊತ್ತಾಗುತ್ತೆ" ಅಂತ ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು.

ಗಾಜಣ್ಣ ಒಂದು ಹೆಜ್ಜೆ ಹಿಂದೆ ಸರಿದ. "ಅಂದ್ರೆ, ಬುಲ್ಡೋಜರೂ ಪರವಾಗಿಲ್ಲ ಸಾರ್" ಅಂದ.

"ಪರವಾಗಿಲ್ಲವಾ? ಬುಲ್ಡೋಜರ್ ಪರವಾಗಿಲ್ಲ ಅಂತೆ" ಅಂತ ಯಜಮಾನರು ಟೀವಿಗೇ ದೂರು ಹೇಳಿದರು.

ಅದೇ ಹೊತ್ತಿಗೆ ಆಮೇಲಯ್ಯ ಒಳಗೆ ಬಂದ. ಇವನು ಕೌಂಟರಿನವನು. ಯಾವ ಕೆಲಸ ಹೇಳಿದರೂ "ಆಮೇಲೆ ಮಾಡ್ತೀನಿ" ಅನ್ನುವವನು. ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಮನೆ ಇದ್ದುದರಿಂದ, ಇಷ್ಟು ಹತ್ತಿರ ಅಲ್ಲವಾ ಅಂತ ನಿಧಾನವಾಗಿ ಏಳುತ್ತಿದ್ದ. ಒಳಗೆ ಬಂದವನೇ ಎಲ್ಲರ ಮುಖ ಒಂದು ಸಲ ನೋಡಿ, "ಯಜಮಾನ್ರು ಹೇಳಿದ್ದೇ ಸರಿ" ಅಂದ.

"ನಾನು ಏನು ಹೇಳಿದೆ ಅಂತ ಗೊತ್ತೇನಯ್ಯ?"

"ಆಮೇಲೆ ಕೇಳ್ಕೋತೀನಿ ಸಾರ್. ಆದ್ರೆ ಸರಿಯಾಗೇ ಹೇಳಿರ್ತೀರಿ."

ಯಜಮಾನರ ಮುಖ ಅರಳಿತು. ಗಾಜಣ್ಣ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಒಳಗೆ ಹೋಗಿ ಭಾಮೈದನಿಗೆ ಫೋನ್ ಹಚ್ಚಿದ. ಹೆಗಲಿಗೂ ಕಿವಿಗೂ ನಡುವೆ ಫೋನು, ಕೈಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರ ಕನ್ನಡಕ.

"ಅವರು ಬುಲ್ಡೋಜರ್ ಕಡೆ ಕಣೋ."

"ಛೆ, ಅಷ್ಟೂ ಗೊತ್ತಾಗಲ್ವಾ ಅವರಿಗೆ. ಭಾವ, ಈಗ ಮಾತು ಬದಲಾಯಿಸಿದ್ರೆ ನಿಮಗೆ ಮೂರು ಕಾಸಿನ ಬೆಲೆಯೂ ಕೊಡಲ್ಲ. ಗಟ್ಟಿಯಾಗಿ ನಿಲ್ಲಿ. ಒಂದೇ ಮಾತು ಹಿಡ್ಕೊಳ್ಳಿ. ಈ ಪ್ರಶಸ್ತಿ ಚೆನ್ನಾಗಿರೋನಿಗಲ್ಲ, ಕೆಟ್ಟದಾಗಿದ್ದು ಚೆನ್ನಾದೋನಿಗೆ."

ಗಾಜಣ್ಣ ಆ ಮಾತನ್ನು ಹಿಡಿದುಕೊಂಡ. ಹಿಡಿದುಕೊಳ್ಳುವ ಭರದಲ್ಲಿ ಎಡಗಣ್ಣಿನ ಗಾಜು ಬಲಕ್ಕೆ ಹೋಯಿತು, ಬಲಗಣ್ಣಿನದು ಎಡಕ್ಕೆ.

ಮೇಷ್ಟ್ರು ಬಂದು ಕನ್ನಡಕ ಏರಿಸಿಕೊಂಡರು. ಆಳೆತ್ತರದ ಕನ್ನಡಿಯಲ್ಲಿ ತಮ್ಮನ್ನೇ ಕಂಡು, "ನಮಸ್ಕಾರ, ಬಹಳ ದಿನ ಆಯ್ತು, ಸೊರಗಿ ಹೋಗಿದ್ದೀರಿ" ಅಂತ ಮರುಕಪಟ್ಟರು. ಆಮೇಲೆ ಹೊರಡಲು ನಿಂತು, "ಬಾಗಿಲು ಎರಡು ಮಾಡಿಸಿದ್ದೀರಿ, ಒಳ್ಳೇದಾಯ್ತು. ನಾನು ಯಾವುದರಲ್ಲಿ ಹೋಗ್ಲಿ?" ಅಂದರು.

ಕನ್ನಡಕ ವಾಪಸು ಬಂತು. ಇಷ್ಟು ವರ್ಷದಲ್ಲಿ ಮೊದಲನೇ ಸಲ. ಯಜಮಾನರು ಅದನ್ನು ಬೆಳಕಿಗೆ ಹಿಡಿದು ನೋಡಿ, ಗಾಜಣ್ಣನನ್ನೂ ಹಾಗೇ ಬೆಳಕಿಗೆ ಹಿಡಿದು ನೋಡುವವರಂತೆ ನೋಡಿದರು. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಜಗಳ ಗಿರಾಕಿಗಳಿಗೂ ಅಂಟಿಕೊಂಡಿತ್ತು. ಫ್ರೇಮಿನ ಸ್ಕ್ರೂ ಬಿಗಿಸಿಕೊಳ್ಳಲು ಬಂದ ಬ್ಯಾಂಕಿನವರು ಬುಲ್ಡೋಜರ್ ಪರ ನಿಂತು ಟೇಬಲ್ ಗುದ್ದಿದರು. ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡೇ ಏಣಿ ಪರ ವಾದಿಸಿದರು. ಬ್ಯಾಸ್ಕೆಟ್‌ಬಾಲಿನಲ್ಲಿ ಎಷ್ಟು ಜನ ಆಡುತ್ತಾರೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ಆದ್ದರಿಂದ ಇಬ್ಬರಿಗೂ ಅನುಮಾನ ಅನ್ನುವುದೇ ಇರಲಿಲ್ಲ.

ಒಳಗಿನಿಂದ ಕೇಳುತ್ತಿದ್ದ ಗಾಜಣ್ಣನಿಗೆ ತಡೆಯಲಾಗಲಿಲ್ಲ. ಹೇಗೂ ಕೆಲಸ ಕೈತಪ್ಪಿತು, ಇನ್ನೇನು ಹೋಗುವುದಿದೆ ಅನ್ನುವ ಧೈರ್ಯ ಬಂತು. ಬಟ್ಟೆಯಲ್ಲಿ ಕೈ ಒರೆಸಿಕೊಂಡು ನಡುವೆ ಬಂದು ನಿಂತ.

"ಸಾರ್, ಒಂದು ಮಾತು. ಕಣ್ಣು ನೆಟ್ಟಗಿರೋನಿಗೆ ನಾವು ಕನ್ನಡಕ ಹಾಕಿ, ನೋಡಿ ಎಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ ಅದರಲ್ಲೇನು ಹೆಚ್ಚುಗಾರಿಕೆ? ಅವನಿಗೆ ನಿನ್ನೆಯೂ ಕಾಣ್ತಿತ್ತು. ನಿನ್ನೆವರೆಗೂ ಗೋಡೆಗೆ ಡಿಕ್ಕಿ ಹೊಡೀತಿದ್ದೋನು ಇವತ್ತು ಬಾಗಿಲಲ್ಲಿ ಹೋದ್ರೆ, ಅದು ಸುಧಾರಣೆ. ಬುಲ್ಡೋಜರ್ ಯಾವತ್ತೂ ಬಾಗಿಲಲ್ಲೇ ಹೋಗ್ತಿದ್ದ. ಗೋಡೆಗೆ ಹೊಡ್ಕೊಂಡು ಹಣೆ ಊದಿಸಿಕೊಂಡೋನು ಏಣಿ. ಚೆನ್ನಾಗಿರೋನಿಗೆ ಅವನ ಚೆನ್ನಾಗಿರೋದೇ ಬಹುಮಾನ ಸಾರ್. ಪ್ರಶಸ್ತಿ ಕೆಟ್ಟದಾಗಿದ್ದು ಚೆನ್ನಾದೋನಿಗೆ ಸಲ್ಲಬೇಕು."

ಅಜ್ಜಿ "ಭೇಷ್" ಅಂದರು. ಬ್ಯಾಂಕಿನವರು ಟೇಬಲ್ ಮೇಲಿಂದ ಕೈ ತೆಗೆದರು. ಯಜಮಾನರು ಬಹಳ ಹೊತ್ತು ಗಲ್ಲ ಕೆರೆದುಕೊಂಡು ಕೂತರು.

"ಗಾಜಣ್ಣ," ಅಂದರು ಕೊನೆಗೆ, "ನೀನು ನನ್ನ ಕಣ್ಣು ತೆರೆಸಿದೆ. ಇಷ್ಟು ವರ್ಷ ಆಟ ನೋಡಿದೀನಿ, ಈ ಮಾತು ಹೊಳೆದಿರಲಿಲ್ಲ. ನನ್ನ ವೋಟು ಇನ್ಮೇಲೆ ಏಣಿಗೆ." ಎದ್ದು ಬಂದು ಅವನ ಬೆನ್ನು ತಟ್ಟಿದರು. "ಇವತ್ತು ಸಂಜೆ ನಾನು ಒಂದು ತೀರ್ಮಾನ ಹೇಳಬೇಕಲ್ಲ, ಅದಕ್ಕೂ ಈ ಮಾತು ದಾರಿ ತೋರಿಸ್ತು ಕಣಯ್ಯ."

ಗಾಜಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಳಗೆ ಓಡಿ ಹೆಂಡತಿಗೆ ಫೋನ್ ಮಾಡಿದ. "ಆಯ್ತು ಅನ್ಸುತ್ತೆ ಕಣೇ. ಬಾಯಿ ಬಿಟ್ಟೆ."

"ನಾನು ಹೇಳ್ಲಿಲ್ವಾ" ಅಂದಳು ಅವಳು. ಆ ದನಿ ಕೇಳಿ ಅವನಿಗೆ ಖುಷಿ ತಡೆಯಲಾಗಲಿಲ್ಲ. ಆ ಮಧ್ಯಾಹ್ನ ಅವನು ಕೂರಿಸಿದ ಗಾಜುಗಳು ಫ್ರೇಮಿನಲ್ಲೇ ಹುಟ್ಟಿದ ಹಾಗೆ ಕೂತವು.

ಸಂಜೆ ಎಲ್ಲರೂ ಟೀವಿಯ ಮುಂದೆ ನಿಂತರು. ಪ್ರಶಸ್ತಿ ಬುಲ್ಡೋಜರಿಗೆ ಹೋಯಿತು.

ಯಜಮಾನರು ರಪ್ಪನೆ ಟೀವಿ ಆರಿಸಿದರು. ಮಧ್ಯಾಹ್ನದವರೆಗೂ ಅದನ್ನೇ ಬಯಸುತ್ತಿದ್ದ ಮನುಷ್ಯ ಈಗ ಕೋಪದಿಂದ ರಿಮೋಟನ್ನು ಟೇಬಲ್ ಮೇಲೆ ಕುಕ್ಕಿದರು. "ಆ ಪ್ರಶಸ್ತಿ ಕೊಟ್ಟೋರಿಗೆ ಕಣ್ಣಿಲ್ಲ. ಹಾಳಾಗ್ಲಿ, ಅಲ್ಲಿ ಆದ ಅನ್ಯಾಯ ನನ್ನ ಅಂಗಡಿಲಿ ಆಗೋದು ಬೇಡ. ಹೊಸ ಅಂಗಡಿ ಮೇಲ್ವಿಚಾರಕ ನಮ್ಮ ಆಮೇಲಯ್ಯ."

ಆಮೇಲಯ್ಯನೇ ಹಿಂದೆ ತಿರುಗಿ, ಇನ್ಯಾರಾದರೂ ಆಮೇಲಯ್ಯ ಇದ್ದಾನಾ ಅಂತ ನೋಡಿದ.

"ಸಾರ್?" ಅಂದ ಗಾಜಣ್ಣ.

"ನೀನು ಹೇಳಿದ ಹಾಗೇ ಯೋಚನೆ ಮಾಡ್ದೆ ಗಾಜಣ್ಣ. ಹೋದ ವರ್ಷ ಇವನು ಊಟದ ಹೊತ್ತಿಗೆ ಬರ್ತಿದ್ದ, ಈ ವರ್ಷ ಬೆಳಗಿನ ಟೀ ಹೊತ್ತಿಗೇ ಬರ್ತಾನೆ. ಅಲ್ನೋಡು, ಇವನು ಮುರಿದ ಫ್ರೇಮು ಹಾಕೋ ಡಬ್ಬ. ಹೋದ ವರ್ಷ ತುಂಬಿ ಚೆಲ್ತಿತ್ತು, ಈ ವರ್ಷ ಮುಕ್ಕಾಲು ಕೂಡ ಆಗಿಲ್ಲ. ಗೋಡೆಗೆ ಡಿಕ್ಕಿ ಹೊಡೀತಿದ್ದೋನು ಬಾಗಿಲ ಕಡೆ ತಿರುಗಿದ್ದಾನೆ. ಇನ್ನು ನೀನು. ಹೋದ ವರ್ಷ ಒಂದೂ ತಪ್ಪಿಲ್ಲ, ಈ ವರ್ಷ ಮೇಷ್ಟ್ರ ಕನ್ನಡಕ ಒಂದು. ನ್ಯಾಯವಾಗಿ ನೋಡಿದ್ರೆ ನಿನ್ನದು ಇಳಿತ. ನಾನೇನೂ ಬೇಜಾರು ಮಾಡ್ಕೊಂಡಿಲ್ಲ. ಚೆನ್ನಾಗಿರೋನಿಗೆ ಅವನ ಚೆನ್ನಾಗಿರೋದೇ ಬಹುಮಾನ, ಅಲ್ವಾ?"

ಎಲ್ಲರೂ ಗಾಜಣ್ಣನ ಮುಖ ನೋಡಿದರು. ಅವನಿಗೆ ಅಳು ಬರುವಂತಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಗೆದ್ದ ವಾದ, ಅದನ್ನು ಅವನೇ ಅಲ್ಲ ಅನ್ನುವುದು ಹೇಗೆ? "ಹೌದು ಸಾರ್" ಅಂದ.

ಅಂಗಡಿಯ ಬಾಗಿಲು ಹಾಕಿ, ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಆಮೇಲಯ್ಯ ಓಡುತ್ತ ಬಂದ. ಅವನು ಓಡಿದ್ದನ್ನು ಗಾಜಣ್ಣ ಅದೇ ಮೊದಲು ನೋಡಿದ್ದು. ಇದೂ ಸುಧಾರಣೆಯೇ ಇರಬೇಕು ಅಂದುಕೊಂಡ.

"ಗಾಜಣ್ಣ, ಒಂದು ಉಪಕಾರ ಆಗಬೇಕು. ಆ ಹೊಸ ಅಂಗಡಿ ನನ್ನ ಮನೆಯಿಂದ ಎಷ್ಟು ದೂರ ಅಂತೀಯ, ಎರಡು ಬಸ್ಸು ಬದಲಾಯಿಸಬೇಕು. ಬೆಳಿಗ್ಗೆ ಅಷ್ಟು ಹೊತ್ತಿಗೆ ನಾನು ಬರೋದು ಆಗೋ ಮಾತಾ ನೀನೇ ಹೇಳು. ನಿನಗೆ ಮನೆ ಪಕ್ಕದಲ್ಲೇ. ದಿನಾ ಹೋಗ್ತಾ ಬಾಗಿಲು ತೆಗೆದು, ಕಸ ಗುಡಿಸಿ, ದೀಪ ಹಾಕಿ ಬಸ್ಸು ಹತ್ತು. ಪಕ್ಕದ ಅಂಗಡಿಯವರು ಒಂಚೂರು ನೋಡ್ಕೋತಾರೆ, ನಾನು ಆಮೇಲೆ ಬರ್ತೀನಿ." ಹೊಳೆಯುವ ಬೀಗದ ಕೈಗೊಂಚಲನ್ನು ಗಾಜಣ್ಣನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. "ಯಜಮಾನ್ರಿಗೂ ಹೇಳಿದೀನಿ. ಗಾಜಣ್ಣ ಇಲ್ಲ ಅನ್ನಲ್ಲ ಅಂದ್ರು."

ಗಾಜಣ್ಣ ಇಲ್ಲ ಅನ್ನಲು ಬಾಯಿ ಬಿಟ್ಟ. ಬೆಳಿಗ್ಗೆಯಿಂದ ಬಾಯಿ ಬಿಟ್ಟು ಆದದ್ದೆಲ್ಲ ನೆನಪಾಗಿ ಮುಚ್ಚಿಕೊಂಡ. ಅಷ್ಟರಲ್ಲಿ ಬಸ್ಸು ಬಂತು.

ಮನೆಯ ಬಾಗಿಲಲ್ಲೇ ಹೆಂಡತಿ ಕಾಯುತ್ತಿದ್ದಳು. ಅವನ ಕೈಯಲ್ಲಿದ್ದ ಬೀಗದ ಕೈಗೊಂಚಲು ಕಂಡದ್ದೇ ಅವಳ ಕಣ್ಣು ತುಂಬಿ ಬಂತು. ಹಿಂದಿನಿಂದ ಭಾಮೈದ ಇಣುಕಿ, "ಏಣಿ ಸೋತ್ರೂ ನೀವು ಗೆದ್ರಲ್ಲ ಭಾವ" ಅಂದ.

"ಹೊಸ ಅಂಗಡೀದಾ?" ಅಂತ ಕೇಳಿದಳು ಹೆಂಡತಿ.

"ಹೌದು" ಅಂದ ಗಾಜಣ್ಣ. "ನಾಳೆಯಿಂದ ಇನ್ನೂ ಒಂದು ಗಂಟೆ ಮುಂಚೆ ಎಬ್ಬಿಸು."