ಗೋಡೆಯ ಮೇಲಿನ ಜೋಡಿ ಗೆರೆ

ತಾರಸಿಯ ಮೇಲೆ ಒದ್ದೆ ಪಂಚೆ ಹರವಿ ಇನ್ನೊಂದು ತುದಿಗೆ ಕ್ಲಿಪ್ಪು ಹಾಕುವಷ್ಟರಲ್ಲಿ ವರದರಾಜರ ಕಣ್ಣು ಕೆಳಗಿನ ಕಾಂಪೌಂಡು ಗೋಡೆಯ ಮೇಲೆ ಬಿತ್ತು. ಪಂಚೆಯನ್ನು ಗಾಳಿಗೆ ಬಿಟ್ಟು, ಕ್ಲಿಪ್ಪನ್ನು ಕೈಯಲ್ಲೇ ಹಿಡಿದುಕೊಂಡು, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಮೆಟ್ಟಿಲಿಳಿದರು.

"ಯಾವನಯ್ಯಾ ಆಮ್ಲಜನಕಕ್ಕೆ ಒಂದೇ ಗೆರೆ ಎಳೆದೋನು?"

"ನಾನೇ ಸಾರ್," ಎಂದ ಪೇಂಟರ್ ಕಾಳಪ್ಪ. "ಪಕ್ಕದಲ್ಲಿ ನೀರಿಗೂ ಆ ಕಡೆ ಒಂದು, ಈ ಕಡೆ ಒಂದು. ಇದಕ್ಕೂ ಒಂದು. ನೋಡೋಕೆ ಲಕ್ಷಣವಾಗಿದೆ."

ಬಸವನಗುಡಿಯ ಆ ಅಪಾರ್ಟ್‌ಮೆಂಟಿನ ಗೋಡೆಯ ಮೇಲೆ ಮೊದಲು ದೇವರ ಚಿತ್ರಗಳಿದ್ದವು, ಜನ ಕಸ ಸುರಿಯದಿರಲಿ ಎಂದು. ಜನ ಕೈಮುಗಿದು ಆಮೇಲೆ ಸುರಿಯುತ್ತಿದ್ದರು. ದೇವರಿಗಾಗದ್ದು ವಿಜ್ಞಾನಕ್ಕಾದರೂ ಆದೀತೆಂದು ಈ ಸಲ ಅಣುಗಳ ಚಿತ್ರ. ಆಮ್ಲಜನಕ, ನಿವಾಸಿಗಳ ಸಂಘದ ಅಧ್ಯಕ್ಷ ದೊಡ್ಡಬೈರಪ್ಪನವರ ತಂದೆಯ ನೆನಪಿಗೆ. ನೀರು ಮೂರನೇ ಮಹಡಿಯ ಜಾನಕಮ್ಮನವರ ಯಜಮಾನರ ನೆನಪಿಗೆ. ಅವುಗಳ ಕೆಳಗೆ ದಪ್ಪಕ್ಷರದಲ್ಲಿ, 'ಸಲಹೆ: ಪ್ರೊ. ವರದರಾಜ, ರಸಾಯನಶಾಸ್ತ್ರ'. ಹನ್ನೊಂದಕ್ಕೆ ಉದ್ಘಾಟನೆಗೆ ಬರುವವಳು ಅವರ ಹಳೆಯ ಶಿಷ್ಯೆ ಚೈತನ್ಯಾ, ಅವರು ಪಾಠ ಮಾಡಿದ ಕಾಲೇಜಿಗೇ ಈಗ ಪ್ರಿನ್ಸಿಪಾಲು. ತಪ್ಪು ಗೆರೆಯ ಕೆಳಗೆ ತಮ್ಮ ಹೆಸರನ್ನು ಅವಳು ಓದುವುದೆಂದರೆ ವರದರಾಜರಿಗೆ ಪಂಚೆ ಮರೆತು ಗಾಂಧಿ ಬಜಾರಿಗೆ ಹೋದಂತೆ.

"ಲಕ್ಷಣ ನೋಡೋಕೆ ಇದೇನು ಹೆಣ್ಣೇನಯ್ಯಾ? ಆಮ್ಲಜನಕದ ಹೊರಸುತ್ತಿನಲ್ಲಿ ಆರು ಎಲೆಕ್ಟ್ರಾನು, ಎಂಟಾಗೋಕೆ ಇನ್ನೆರಡು ಬೇಕು. ಅದಕ್ಕೆ ಪಕ್ಕದವನ ಜೊತೆ ಎರಡು ಜೋಡಿ ಹಂಚ್ಕೊಳ್ಳುತ್ತೆ. ದ್ವಿಬಂಧ! ಎಳಿ ಇನ್ನೊಂದು ಗೆರೆ!"

ಕಾಳಪ್ಪ ಎಳೆದ. ವಾಕಿಂಗ್ ಮುಗಿಸಿ ಬಂದ ದೊಡ್ಡಬೈರಪ್ಪನವರ ಮುಖ ಅರಳಿತು. "ನಮ್ಮಪ್ಪಂಗೆ ಎರಡು ಗೆರೆನಾ? ಭೇಷ್ ಮೇಷ್ಟ್ರೆ!"

ಸೊಪ್ಪಿನ ಚೀಲ ಹಿಡಿದು ಬರುತ್ತಿದ್ದ ಜಾನಕಮ್ಮನವರ ಕಿವಿಗೆ ಅಷ್ಟು ಬಿದ್ದದ್ದೇ ಸಾಕಾಯಿತು. "ನಮ್ಮ ಯಜಮಾನ್ರಿಗೆ ಮಾತ್ರ ಒಂಟಿ ಗೆರೆನಾ? ತಾಂಬೂಲಕ್ಕೆ ಒಂಟಿ ಎಲೆ ಇಡ್ತಾರೇನ್ರೀ? ತಟ್ಟೆಗೆ ಒಂಟಿ ದೋಸೆ ಹಾಕ್ತಾರಾ? ಸತ್ತೋರ ಹೆಸರಿನ ಮೇಲೆ ಇದೆಂಥಾ ಅಪಶಕುನ!"

"ಅಮ್ಮಾ, ಜಲಜನಕದ ಹತ್ರ ಇರೋದು ಒಂದು, ಬೇಕಾಗಿರೋದು ಇನ್ನೊಂದು. ಒಂದು ಗೆರೆ ಅಂದ್ರೇನೇ ಒಂದು ಜೋಡಿ ಎಲೆಕ್ಟ್ರಾನು. ಆ ಒಂಟಿ ಗೆರೆಯೊಳಗೇ ಜೋಡಿ ಕೂತಿದೆ!"

"ಕೂತಿದ್ರೆ ಕಾಣ್ಬೇಕಲ್ಲ? ಅಧ್ಯಕ್ಷರ ಅಪ್ಪಂದು ಕಾಣುತ್ತೆ, ನಮ್ಮೋರದ್ದು ಒಳಗೆ ಬಚ್ಚಿಟ್ಕೊಂಡಿದ್ಯಾ?"

ಬಾಲ್ಕನಿಗಳು ತುಂಬಿದವು. ಒಬ್ಬರು 'ಸರಿ' ಎಂದರು, ಇನ್ನೊಬ್ಬರು 'ಅನ್ಯಾಯ' ಎಂದರು. ಮುಂದಿನ ತಿಂಗಳು ಸಂಘದ ಚುನಾವಣೆ. ದೊಡ್ಡಬೈರಪ್ಪನವರು ಮೇಲೆ ಕೆಳಗೆ ನೋಡಿ ತಲೆ ಎಣಿಸಿದರು.

"ಪಕ್ಷಪಾತ ಬ್ಯಾಡ. ಕಾಳಪ್ಪಾ, ನೀರಿಗೂ ಆ ಕಡೆ ಎರಡು, ಈ ಕಡೆ ಎರಡು ಹೊಡಿ."

"ಪ್ರಪಂಚದಲ್ಲಿ ಅಂಥಾ ನೀರೇ ಇಲ್ಲ ಕಣ್ರೀ!" ವರದರಾಜರ ಕೂಗಿಗೆ ಮರದ ಮೇಲಿನ ಕಾಗೆಗಳು ಎದ್ದವು.

"ಹೊಂದ್ಕೊಂಡು ಹೋಗ್ಬೇಕು ಮೇಷ್ಟ್ರೆ. ಎರಡು ಗೆರೆಗೆ ನೀರೇನೂ ಸೋರಲ್ಲ."

ಕಾಳಪ್ಪ ಎಳೆದೇಬಿಟ್ಟ. ವರದರಾಜರು ಬ್ರಷ್ಷಿಗೆ ಕೈಹಾಕಿದರು, ಅವನು ಬಿಡಲಿಲ್ಲ. ಎಳೆದಾಟದಲ್ಲಿ ಬಿಳಿ ಬಣ್ಣದ ಡಬ್ಬ ಉರುಳಿ ಅವರ ಸೊಂಟದಿಂದ ಕೆಳಗೆ ಹಾಲಿನ ಅಭಿಷೇಕವಾಯಿತು.

"ಹಾಳಾಗಿ ಹೋಗ್ಲಿ! ನನ್ನ ಹೆಸರನ್ನಾದ್ರೂ ಅಳಿಸಯ್ಯಾ!"

"ಯಾತರಲ್ಲಿ ಅಳಿಸ್ಲಿ ಸಾರ್? ಇದ್ದ ಬಿಳಿಯೆಲ್ಲಾ ನಿಮ್ಮ ಮೈಮೇಲಿದೆ."

ಅಷ್ಟರಲ್ಲಿ ಕಾರು ಬಂತು. ವರದರಾಜರು ಗೋಡೆಗೆ ಬೆನ್ನು ಕೊಟ್ಟು, ಕೈ ಎರಡೂ ಚಾಚಿ, ಹೆಸರನ್ನೂ ನೀರನ್ನೂ ಮುಚ್ಚಿ ನಿಂತರು. "ಪಕ್ಕಕ್ಕೆ ಬನ್ನಿ ಮೇಷ್ಟ್ರೆ, ಮೇಡಮ್ಮೋರು ನೋಡ್ಲಿ," ಎಂದು ದೊಡ್ಡಬೈರಪ್ಪನವರು ಭುಜ ಹಿಡಿದು ಎಳೆದರು.

ಚೈತನ್ಯಾ ಗೋಡೆಯನ್ನು ಓದಿದಳು. ಕೆಳಗಿನ ಹೆಸರನ್ನೂ ಓದಿದಳು. ಟೇಪು ಕತ್ತರಿಸಲು ಕೊಟ್ಟ ಕತ್ತರಿಯನ್ನು ಹಾಗೆಯೇ ತಟ್ಟೆಗೆ ಹಾಕಿದಳು.

"ಸಾರ್, ಪಿಯುಸಿಯಲ್ಲಿ ನೀರಿಗೆ ನಾನು ಹೀಗೇ ಎರಡೆರಡು ಗೆರೆ ಹಾಕಿದ್ದೆ. ಬೆಂಚಿನ ಮೇಲೆ ನಿಲ್ಲಿಸಿ 'ಎಮ್ಮೆ' ಅಂದ್ರಿ. ಕ್ಲಾಸೆಲ್ಲಾ ನಕ್ತು. ವರ್ಷಪೂರ್ತಿ ನನ್ನ ಹೆಸರು ಅದೇ ಆಯ್ತು."

"ಅದು ತಪ್ಪೇ ಅಲ್ವೇನಮ್ಮಾ! ಇದೂ ತಪ್ಪೇ! ನಾನು ಬೇಡ ಅಂತ ಬಡ್ಕೊಂಡೆ, ಕೇಳು ಇವರನ್ನ..."

"ಮೇಷ್ಟ್ರನ್ನ ಕೇಳ್ದೆ ನಾವು ಒಂದು ಗೆರೆನೂ ಎಳೆದಿಲ್ಲ ಮೇಡಂ," ಎಂದರು ದೊಡ್ಡಬೈರಪ್ಪನವರು, ಹೆಮ್ಮೆಯಿಂದ. ಜಾನಕಮ್ಮನವರು ಹೌದೆಂದು ತಲೆಯಾಡಿಸಿದರು.

"ಅವತ್ತೇ ಪ್ರಿನ್ಸಿಪಾಲರಿಗೊಂದು ದೂರು ಬರೆದಿದ್ದೆ ಸಾರ್. ಮೇಷ್ಟ್ರು ಅದೇ ಬೆಂಚು ಹತ್ತಿ ಕ್ಷಮೆ ಕೇಳ್ಬೇಕು ಅಂತ. ಕೊಡೋಕೆ ಹೆದರಿಕೆ. ಮೊನ್ನೆ ಟ್ರಂಕಲ್ಲಿ ಸಿಕ್ತು, ಫೋಟೊ ತೆಗೆದಿಟ್ಟಿದೀನಿ. ತಪ್ಪು ನಂದೇ ಅಲ್ವಾ ಅಂತ ಇಷ್ಟು ದಿನ ಸುಮ್ನಿದ್ದೆ." ಅವಳು ಫೋನೆತ್ತಿ, ಹೆಸರು ಸಮೇತ ಗೋಡೆಯ ಚಿತ್ರ ತೆಗೆದುಕೊಂಡಳು. "ಈಗ ಪ್ರಿನ್ಸಿಪಾಲು ನಾನೇ. ಸೋಮವಾರ ಕಾಲೇಜಿಗೆ ಬನ್ನಿ ಸಾರ್. ಬೆಂಚು ಹಾಕ್ಸಿರ್ತೀನಿ."

ಅಷ್ಟು ಹೇಳಿ, ಹಳೆಯ ದೂರಿನ ಜೊತೆಗೆ ಗೋಡೆಯ ಚಿತ್ರವನ್ನೂ ಸೇರಿಸಿ, ಫೋನಿನಲ್ಲೇ ಕಾಲೇಜಿನ ಆಫೀಸಿಗೊಂದು, ವರದರಾಜರಿಗೊಂದು ಪ್ರತಿ ಕಳಿಸಿಬಿಟ್ಟಳು.